ಕಾವಿಲ್ಲದ ಕೊಡಲಿಗಳು

ನಿನ್ನೆ ರಾತ್ರಿಯಿಂದ ನಮ್ಮನೆ ಗ್ಯಾರೇಜಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇದೆ. ಅದರ ತುಂಬ ಬಿಳಿ ವಿನೆಗರ್, ತಳದಲ್ಲಿ ಒಂದು ಕೊಡಲಿ. ಕಾವಿಲ್ಲ, ಬರೀ ಕಬ್ಬಿಣ. ಸಣ್ಣ ಸಣ್ಣ ಗುಳ್ಳೆ ಮೇಲಕ್ಕೆ ಏಳುತ್ತಿವೆ. ಹೋದ ಶನಿವಾರ ಪಕ್ಕದ ಊರಿನಲ್ಲಿ ಯಾರೋ ಮನೆ ಖಾಲಿ ಮಾಡುತ್ತಾ ಅಂಗಳದಲ್ಲಿ ಸಾಮಾನು ಹರಡಿಕೊಂಡು ಕೂತಿದ್ದರು. ಅಲ್ಲಿ ಹತ್ತು ಡಾಲರ್ ಕೊಟ್ಟು ತಂದಿದ್ದು. ತುಕ್ಕಿನ ಕೆಳಗೆ ಏನೋ ಅಕ್ಷರ ಇರುವ ಹಾಗೆ ಬೆರಳಿಗೆ ತಾಗುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಇವತ್ತು ಸಂಜೆ ಎತ್ತಿ ನೋಡಬೇಕು. ಅಲ್ಲಿಯವರೆಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಅಂತ ಗೊತ್ತು. ಅದಕ್ಕೇ ಬರೆಯಲು ಕೂತೆ.

ನಮ್ಮ ಮನೆಯ ಗೋಡೆಗೆ ಈಗ ಇಪ್ಪತ್ತಮೂರು ಕೊಡಲಿಗಳಿವೆ. ಬಂದವರೆಲ್ಲ ಕೇಳುತ್ತಾರೆ, ಕಾವಿಲ್ಲದ ಕೊಡಲಿ ಯಾಕೆ ಇಟ್ಟುಕೊಂಡಿದ್ದೀರಿ ಅಂತ. ಆದರೆ ನಾವು ಮಾತಾಡುವ ಕನ್ನಡದಲ್ಲೇ ಅದಕ್ಕೆ ಉತ್ತರ ಇದೆ ಅನಿಸುತ್ತದೆ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಕೊಡಲಿ ಅಂದರೆ ಕಬ್ಬಿಣದ ಭಾಗವೇ. ಮರದ್ದು ಕಾವು. ಕಾವು ಮುರಿಯುತ್ತದೆ, ಹೊಸದು ಹಾಕುತ್ತೇವೆ, ಮತ್ತೆ ಮುರಿಯುತ್ತದೆ. ಕೊಡಲಿ ಮಾತ್ರ ಅದೇ. ಅಪ್ಪಯ್ಯ "ಇದು ನನ್ನ ಅಪ್ಪಯ್ಯನ ಕೊಡಲಿ" ಅನ್ನುತ್ತಿದ್ದಾಗ ಅದರ ಕಾವು ಹೋದ ಮಳೆಗಾಲದ್ದು ಆಗಿರುತ್ತಿತ್ತು. ಅದರಲ್ಲಿ ಯಾರಿಗೂ ಸುಳ್ಳು ಕಾಣುತ್ತಿರಲಿಲ್ಲ.

ಇದೆಲ್ಲ ಶುರುವಾಗಿದ್ದು ಕಾಲಿನ್ಸ್‌ವಿಲ್‌ನಲ್ಲಿ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಸುತ್ತಮುತ್ತ ಇನ್ಶೂರೆನ್ಸ್ ಕಂಪನಿಗಳ ಕಂಪ್ಯೂಟರ್ ಕೆಲಸ ಹಿಡಿದು ಬಂದ ಕನ್ನಡದವರು ಬೇಕಾದಷ್ಟು ಜನ ಇದ್ದೇವೆ. ನಾನೂ ಹಾಗೇ ಬಂದವನು. ಇಲ್ಲಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ಹೋದರೆ ಫಾರ್ಮಿಂಗ್ಟನ್ ಹೊಳೆ. ಹೊಳೆ ಬದಿಯಲ್ಲಿ ಹಳೇ ರೈಲು ದಾರಿಯನ್ನೇ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿದ್ದಾರೆ. ಒಂದು ಅಕ್ಟೋಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿ ನಡೆಯುತ್ತಿದ್ದೆ. ಅಣೆಕಟ್ಟಿನ ಪಕ್ಕ ಉದ್ದುದ್ದ ಹಳೇ ಕಟ್ಟಡಗಳು, ಒಡೆದ ಕಿಟಕಿಗಳು. ಇದೇನು ಅಂತ ಎದುರಿಗೆ ಬಂದ ಒಬ್ಬ ಅಜ್ಜನನ್ನು ಕೇಳಿದೆ. ಕೊಡಲಿ ಕಾರ್ಖಾನೆ ಅಂದರು. ನಮ್ಮ ಮಲೆನಾಡಿನಲ್ಲಿ ಒಬ್ಬ ಆಚಾರ್ರು, ಅಂದರೆ ಕಮ್ಮಾರರು, ದಿನವಿಡೀ ಕೂತು ಮಾಡುವ ವಸ್ತು ಅದು. ಅದಕ್ಕೆ ಇಷ್ಟು ದೊಡ್ಡ ಕಾರ್ಖಾನೆಯೇ, ಅದರ ಹೆಸರಲ್ಲೇ ಒಂದು ಊರೇ ಅಂತ ನಿಂತುಬಿಟ್ಟೆ.

ಆಮೇಲೆ ಆ ಊರಿನ ಮ್ಯೂಸಿಯಂಗೆ ಹೋದೆ, ಓದಿದೆ. ಸ್ಯಾಮ್ಯುಯೆಲ್ ಕಾಲಿನ್ಸ್, ಅವರ ತಮ್ಮ ಡೇವಿಡ್, ಜೊತೆಗೆ ಅವರ ನೆಂಟ ವಿಲಿಯಂ ವೆಲ್ಸ್ ಸೇರಿ 1826ರಲ್ಲಿ ಹೊಳೆಯ ನೀರಿನ ಬಲ ನಂಬಿ ಈ ಕಾರ್ಖಾನೆ ಶುರು ಮಾಡಿದರು. ಅದಕ್ಕೆ ಮೊದಲು ಇಲ್ಲಿಯ ರೈತ ಕಮ್ಮಾರನ ಹತ್ತಿರ ಕೊಡಲಿ ತಂದರೆ ಅದಕ್ಕೆ ಬಾಯಿ ಇರುತ್ತಿರಲಿಲ್ಲ. ಮನೆಗೆ ತಂದು ಸಾಣೆಕಲ್ಲಿಗೆ ಹಿಡಿದು ತಾನೇ ಮಸೆದುಕೊಳ್ಳಬೇಕಿತ್ತು. ಕಾಲಿನ್ಸ್‌ನವರು ಮಸೆದು, ಹದ ಮಾಡಿ, ತಂದ ದಿನವೇ ಮರ ಕಡಿಯುವ ಹಾಗೆ ಕೊಟ್ಟರು. 1832ರಲ್ಲಿ ಎಲಿಷಾ ರೂಟ್ ಅನ್ನುವ ಮೆಕ್ಯಾನಿಕ್ ಅಲ್ಲಿ ಕೆಲಸಕ್ಕೆ ಸೇರಿದರು. ಕಾವು ತೂರುವ ತೂತನ್ನು ಇಲ್ಲಿಯವರು ಕಣ್ಣು ಅನ್ನುತ್ತಾರೆ. ಮೊದಲು ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ಎರಡು ತುದಿ ಕೂಡಿಸಿ, ಕಾಯಿಸಿ ಬಡಿದು ಆ ಕಣ್ಣು ಮಾಡುತ್ತಿದ್ದರು. ರೂಟ್ ಗಟ್ಟಿ ಕಬ್ಬಿಣಕ್ಕೇ ನೇರವಾಗಿ ತೂತು ಹೊಡೆಯುವ ಯಂತ್ರ ಮಾಡಿದರು. 1849ರಲ್ಲಿ ಅವರು ಕೋಲ್ಟ್ ಬಂದೂಕು ಕಂಪನಿಗೆ ಹೋದರು, ಕೊಡಲಿ ಮಾತ್ರ ಅವರ ದಾರಿಯಲ್ಲೇ ನಡೆಯಿತು. 1955ರ ದೊಡ್ಡ ನೆರೆ ಕಾರ್ಖಾನೆಯನ್ನು ಹಣ್ಣು ಮಾಡಿತು. 1966ರಲ್ಲಿ ಬಾಗಿಲು ಹಾಕಿದರು. ನೂರ ನಲವತ್ತು ವರ್ಷ.

ಹಳೇ ಕೊಡಲಿ ಕೈಗೆ ಬಂದರೆ ನಾನು ಮೊದಲು ಇಣುಕುವುದು ಆ ಕಣ್ಣಿನ ಒಳಗೇ. ಟಾರ್ಚ್ ಬಿಟ್ಟು ನೋಡಿ. ಎಲ್ಲಾದರೂ ಒಂದು ಕೂಡುಗೆರೆ, ಮಡಿಸಿದ ಗುರುತು ಕಂಡರೆ ಬಗ್ಗಿಸಿ ಕೂಡಿಸಿದ್ದು. ಅದು ಒಬ್ಬ ಕಮ್ಮಾರನದ್ದಾಗಿರಬಹುದು, ಸಣ್ಣ ಕಾರ್ಖಾನೆಯದ್ದೂ ಆಗಿರಬಹುದು.

ಆಮೇಲೆ ಆಕಾರ. ಇಲ್ಲಿನ ಮರ ಕಡಿಯುವ ಕೊಡಲಿಗೆ ಹಿಂಬದಿಯಲ್ಲಿ ದಪ್ಪ ಗಟ್ಟಿ ಕಬ್ಬಿಣ ಇರುತ್ತದೆ, ಸುತ್ತಿಗೆ ತಲೆಯ ಹಾಗೆ. ಯುರೋಪಿನಿಂದ ಬಂದವರು ಜೊತೆಗೆ ತಂದ ಕೊಡಲಿಗಳಲ್ಲಿ ಇದು ಇರಲಿಲ್ಲ, ಊರಿನ ನಮ್ಮನೆ ಕೊಡಲಿಯಲ್ಲೂ ಇಲ್ಲ. ಇಲ್ಲಿನ ಕಮ್ಮಾರರು 18ನೇ ಶತಮಾನದಲ್ಲಿ ಹಿಂದಕ್ಕೆ ತೂಕ ಸೇರಿಸಿದರು. ಬಾಯಿಯ ತೂಕಕ್ಕೆ ಹಿಂದಿನ ತೂಕ ಸರಿಹೊಂದಿ, ಬೀಸುವಾಗ ಕೊಡಲಿ ಕೈಯಲ್ಲಿ ವಾಲುವುದಿಲ್ಲ. ಅದರ ಮೇಲೆ ಒಂದೊಂದು ಸೀಮೆಗೆ ಒಂದೊಂದು ರೂಪ ಬಂತು. ಕಣ್ಣಿನ ಎರಡೂ ಬದಿ ಕೆಳಕ್ಕೆ ಕಿವಿ ಇಳಿಬಿದ್ದ ಹಾಗಿದ್ದರೆ ಜರ್ಸಿ. ಆ ಕಿವಿಗಳು ಕಾವನ್ನು ಜಾಸ್ತಿ ಬಿಗಿಯಾಗಿ ಹಿಡಿಯುತ್ತವೆ. ಹಿಂಬದಿ ದುಂಡಗೆ ತಿರುಗಿದ್ದರೆ ಮಿಷಿಗನ್. ಹಿಂಬದಿ ಚಪ್ಪಟೆಯಾಗಿದ್ದು ಬಾಯಿ ಸ್ವಲ್ಪ ಅಗಲಕ್ಕೆ ಬಿರಿದಿದ್ದರೆ ಡೇಟನ್. ನನಗೆ ತುಂಬ ಇಷ್ಟವಾಗುವುದು ಪ್ಯೂಜೆಟ್ ಸೌಂಡ್ ಅನ್ನುವ ಎರಡು ಬಾಯಿಯ ಕೊಡಲಿ. ಪಶ್ಚಿಮ ಕರಾವಳಿಯ ಭಾರೀ ಮರಗಳಿಗೆ ಮಾಡಿದ್ದು. ಬಾಯಿ ಕಿರಿದು, ಉದ್ದ ಮಾತ್ರ ಒಂದು ಅಡಿ ಮೀರುವುದೂ ಉಂಟು. ಐದಾರು ಜನ ಕೈ ಹಿಡಿದು ಸುತ್ತಿದರೂ ಸಾಲದ ಬುಡದ ಒಳಕ್ಕೆ ಆಳವಾಗಿ ಹೋಗಬೇಕಲ್ಲ, ಅದಕ್ಕೆ ಆ ಉದ್ದ. ಒಂದು ಸಲ ಎತ್ತಿ ಹಿಡಿದರೆ ಮರವೇ ಕಣ್ಣೆದುರು ಬರುತ್ತದೆ.

ಎರಡು ಬಾಯಿ ಅಂದರೆ ಎರಡು ಪಟ್ಟು ಕೆಲಸ ಅಂತ ನಾನು ಮೊದಲು ತಿಳಿದಿದ್ದೆ. ಅದು ಹಾಗಲ್ಲ. ಒಂದು ಬಾಯಿಯನ್ನು ತೆಳ್ಳಗೆ, ಚೂಪಾಗಿ ಇಟ್ಟುಕೊಂಡು ಅದರಲ್ಲಿ ಮರ ಕಡಿಯುತ್ತಿದ್ದರು. ಇನ್ನೊಂದನ್ನು ಸ್ವಲ್ಪ ದಪ್ಪ ಬಿಟ್ಟು, ಗಂಟು, ಕೊಂಬೆ, ಮಣ್ಣು ತಾಗಿದ ಬೇರು ಇಂಥದ್ದಕ್ಕೆ ಬಳಸುತ್ತಿದ್ದರು. ಇನ್ನು ತೊಲೆ ಕೆತ್ತುವ ಅಗಲ ಕೊಡಲಿ ಬೇರೆಯೇ ಜಾತಿ. ಅದರ ಒಂದು ಬದಿ ಪೂರ್ತಿ ಚಪ್ಪಟೆ, ಕಾವು ಪಕ್ಕಕ್ಕೆ ಸೊಟ್ಟ. ಕೆತ್ತುವವನ ಬೆರಳಿನ ಗೆಣ್ಣು ಮರಕ್ಕೆ ಉಜ್ಜದಿರಲಿ ಅಂತ. ನಮ್ಮಲ್ಲಿ ಬಾಚಿ ಹಿಡಿದು ಮಾಡುವ ಕೆಲಸ ಅದು.

ಎಲ್ಲರಿಗೂ ಆಸಕ್ತಿ ಇರುವುದು ಮುದ್ರೆಯಲ್ಲಿ, ಅಂದರೆ ಕಬ್ಬಿಣಕ್ಕೆ ಹೊಡೆದ ಕಂಪನಿ ಹೆಸರಿನಲ್ಲಿ. ಕಾಲಿನ್ಸ್ ಕೊಡಲಿಯ ಹಳೇ ಮುದ್ರೆಯಲ್ಲಿ ಹಾರ್ಟ್‌ಫರ್ಡ್ ಅಂತ ಇರುತ್ತದೆ, ತಯಾರಾಗಿದ್ದು ಕಾಲಿನ್ಸ್‌ವಿಲ್‌ನಲ್ಲಿ. ಕಿರೀಟದಿಂದ ಒಂದು ತೋಳು ಮೇಲೆದ್ದು ಸುತ್ತಿಗೆ ಹಿಡಿದಿರುವ ಚಿತ್ರ, ಲೆಜಿಟಿಮಸ್ ಅನ್ನುವ ಪದ ಇದ್ದರೆ ಅದೂ ಅವರದ್ದೇ. ಕೆಲ್ಲಿ ಕಂಪನಿಯ ಕಥೆ ಇನ್ನೂ ಉದ್ದ. ಕೆಂಟಕಿಯ ಲೂಯಿವಿಲ್‌ನಲ್ಲಿ ಹುಟ್ಟಿ, ಇಂಡಿಯಾನಾಕ್ಕೆ ಹೋಗಿ, 1904ರಲ್ಲಿ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್ನಿಗೆ ಬಂತು. 1889ರಲ್ಲಿ ಹತ್ತಾರು ಕೊಡಲಿ ಕಂಪನಿಗಳು ಸೇರಿ ಅಮೆರಿಕನ್ ಆಕ್ಸ್ ಅಂಡ್ ಟೂಲ್ ಅಂತ ಒಂದು ಕೂಟ ಕಟ್ಟಿಕೊಂಡಾಗ ಕೆಲ್ಲಿ ಸೇರಲಿಲ್ಲ. ಕೊನೆಗೆ 1921ರಲ್ಲಿ ಆ ಕೂಟವನ್ನೇ ಕೊಂಡುಕೊಂಡಿತು. 1930ರಲ್ಲಿ ಕೆಲ್ಲಿಯನ್ನು ಇನ್ನೊಬ್ಬರು ಕೊಂಡರು. ಹಾಗಾಗಿ ಮುದ್ರೆಯಲ್ಲಿ ಕೆಲ್ಲಿ ಆಕ್ಸ್ ಮ್ಯಾನುಫ್ಯಾಕ್ಚರಿಂಗ್ ಅಂತಿದ್ದರೆ 1930ಕ್ಕೆ ಮೊದಲಿನದ್ದು, ಕೊಂಡವರ ಟ್ರೂ ಟೆಂಪರ್ ಅನ್ನುವ ಮುದ್ರೆಯ ಜೊತೆ ಕೆಲ್ಲಿ ವರ್ಕ್ಸ್ ಅಂತಿದ್ದರೆ ಆಮೇಲಿನದ್ದು. ಕೆಲ್ಲಿ ಪರ್ಫೆಕ್ಟ್ ಅನ್ನುವುದನ್ನು ಹೆಸರು ಓದದೆಯೂ ಗುರುತಿಸಬಹುದು. ಕೊಡಲಿಯ ಕೆನ್ನೆಯಲ್ಲಿ, ಅಂದರೆ ಅಗಲದ ಬದಿಯಲ್ಲಿ, ಬೆರಳು ಒತ್ತಿದ ಹಾಗೆ ತಗ್ಗುಗಳಿರುತ್ತವೆ, ಮರದೊಳಗೆ ಸಿಕ್ಕಿಕೊಳ್ಳದೆ ಸಲೀಸಾಗಿ ಹೊರಬರಲಿ ಅಂತ. ಫಿಲಡೆಲ್ಫಿಯಾದ ಪ್ಲಂಬ್ ಕೊಡಲಿಗೆ ಕೆಂಪು ಬಣ್ಣದ ಕಾವು. ಪೆನ್ಸಿಲ್ವೇನಿಯಾದ ಲೂಯಿಸ್‌ಟೌನಿನ ಮ್ಯಾನ್ ಮನೆತನದವರದ್ದು 2003ರವರೆಗೂ ನಡೆಯಿತು. ಮೈನ್ ರಾಜ್ಯದ ಓಕ್ಲೆಂಡ್ ಅನ್ನುವ ಸಣ್ಣ ಊರಿನಲ್ಲೇ ಹಲವು ಕೊಡಲಿ ಕಾರ್ಖಾನೆಗಳಿದ್ದವು. ಇದರ ಮೇಲೆ ಅಂಗಡಿಯವರ ಹೆಸರುಗಳು ಬೇರೆ. ಸೇಂಟ್ ಲೂಯಿಸಿನ ಸಿಮನ್ಸ್ ಅನ್ನುವ ದೊಡ್ಡ ಹಾರ್ಡ್‌ವೇರ್ ವ್ಯಾಪಾರಿಗಳು ಬೇರೆಯವರಿಂದ ಮಾಡಿಸಿ ಕೀನ್ ಕಟರ್ ಅಂತ ತಮ್ಮ ಮುದ್ರೆ ಹೊಡೆಸುತ್ತಿದ್ದರು. ಮುದ್ರೆ ಇದೆ, ಆದರೆ ಮಾಡಿದವರು ಯಾರು ಅಂತ ಅದು ಹೇಳುವುದಿಲ್ಲ.

ಇಲ್ಲೇ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿದ್ದು. ಮುದ್ರೆಯನ್ನು ಎಷ್ಟು ನಂಬಬೇಕು? 1857ರಲ್ಲೇ ಕಾಲಿನ್ಸ್ ಕಂಪನಿ ಇಂಗ್ಲೆಂಡಿನ ಕೋರ್ಟಿಗೆ ಹೋಗಿತ್ತು. ಅಲ್ಲಿಯ ತಯಾರಕರು ತಮ್ಮ ಸಾಮಾನಿಗೆ ಕಾಲಿನ್ಸ್ ಹೆಸರು ಹೊಡೆದು ಮಾರುತ್ತಿದ್ದಾರೆ ಅಂತ ದೂರು. ಇಂಗ್ಲೆಂಡಿನಲ್ಲಿ ವ್ಯಾಪಾರ ಇಲ್ಲದ ಪರದೇಶದ ಕಂಪನಿಯೂ ಇಂಥ ಮೋಸದ ವಿರುದ್ಧ ದಾವೆ ಹೂಡಬಹುದು ಅಂತ ಕೋರ್ಟ್ ಒಪ್ಪಿತು. ಅಷ್ಟು ಹಳೇ ರೋಗ ಇದು. ನನಗೂ ತಾಗಿತು. ಕೆಲ್ಲಿಯವರ ಬ್ಲ್ಯಾಕ್ ರೇವನ್ ಅಂತ ಒಂದು ಮಾಲಿದೆ, ಕೆನ್ನೆಯ ಮೇಲೆ ಕಾಗೆಯಂಥ ಹಕ್ಕಿಯ ಚಿತ್ರ. ಸಂಗ್ರಹ ಮಾಡುವವರು ಅದಕ್ಕೆ ಪ್ರಾಣ ಬಿಡುತ್ತಾರೆ. ಮ್ಯಾಸಚೂಸೆಟ್ಸಿನ ಬ್ರಿಮ್‌ಫೀಲ್ಡ್‌ನಲ್ಲಿ ವರ್ಷಕ್ಕೆ ಮೂರು ಸಲ, ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ, ಹಳೇ ಸಾಮಾನಿನ ದೊಡ್ಡ ಸಂತೆ ಸೇರುತ್ತದೆ. ಅಲ್ಲಿಂದ ಬರುವ ದಾರಿಯಲ್ಲಿ ಒಬ್ಬರ ಹತ್ತಿರ ಒಂದು ಹಕ್ಕಿ ಕೊಡಲಿ ಕೊಂಡೆ. ಎರಡು ವಾರದ ಕಾಫಿ, ಊಟದ ಖರ್ಚು ಉಳಿಸಿ ಇಟ್ಟಿದ್ದ ದುಡ್ಡು. ಮನೆಗೆ ತಂದು ಭೂತಗಾಜು ಹಿಡಿದು ನೋಡಿದರೆ ತುಕ್ಕು ತಿಂದ ಗುಳಿಗಳ ಮೇಲೆ ಚಿತ್ರದ ಗೆರೆ ಹೊಸದಾಗಿ ಹರಿದಿದೆ. ಹಳೇ ಚಿತ್ರವಾಗಿದ್ದರೆ ತುಕ್ಕು ಗೆರೆಯನ್ನೂ ತಿನ್ನಬೇಕಿತ್ತು ಅಲ್ವಾ? ತುಂಬ ಬೇಜಾರಾಯಿತು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು, ಆ ಕೊಡಲಿ ಚಿತ್ರ ಇಲ್ಲದೆಯೇ ಒಳ್ಳೇ ಕೊಡಲಿಯಾಗಿತ್ತು ಅನ್ನುವುದಕ್ಕೆ. ಯಾರೋ ದುಡಿದ, ಚೆಂದಕ್ಕೆ ಸವೆದ ವಸ್ತುವಿನ ಮೇಲೆ ಸುಳ್ಳು ಬರೆದಿದ್ದರು.

ಆವತ್ತಿನಿಂದ ನಾನು ಹೆಸರನ್ನು ಕೊನೆಗೆ ಓದುತ್ತೇನೆ. ಮೊದಲು ಲೋಹ, ಆಮೇಲೆ ಸವೆತ.

ಲೋಹ ಓದಲು ವಿನೆಗರ್ ಬೇಕು. ಒಂದು ರಾತ್ರಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಬೇಕಿಂಗ್ ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು. ತಡ ಮಾಡಿದರೆ ಕಣ್ಣೆದುರೇ ಮತ್ತೆ ಕೆಂಪು ತುಕ್ಕು ಹತ್ತುತ್ತದೆ. ತುಕ್ಕು ಹೋಗುವುದು ಒಂದು ಲಾಭ. ಇನ್ನೊಂದು ಏನೆಂದರೆ ಹುಳಿ ಉಕ್ಕನ್ನೂ ಮೆತ್ತನೆ ಕಬ್ಬಿಣವನ್ನೂ ಬೇರೆ ಬೇರೆ ಬಣ್ಣಕ್ಕೆ ತಿರುಗಿಸುತ್ತದೆ. ಉಕ್ಕು ಕಪ್ಪಗಾಗುತ್ತದೆ, ಕಬ್ಬಿಣ ಬೂದು. ಹಿಂದೆ ಉಕ್ಕು ತುಟ್ಟಿ. ಅದಕ್ಕೆ ಮೈಯೆಲ್ಲ ಕಬ್ಬಿಣದಲ್ಲಿ ಮಾಡಿ ಬಾಯಿಗೆ ಮಾತ್ರ ಒಂದು ತುಂಡು ಉಕ್ಕು ಕೂಡಿಸುತ್ತಿದ್ದರು. ಕೊಡಲಿಯನ್ನು ಅಡ್ಡ ತಿರುಗಿಸಿ ಮೇಲಿನ ಅಂಚು ನೋಡಿ. ಹಳೇದಾಗಿದ್ದರೆ ಎರಡು ಕೆನ್ನೆಗಳ ನಡುವೆ ಉಕ್ಕು ನಾಲಿಗೆಯ ಹಾಗೆ ಒಳಗೆ ಹೋಗಿರುವುದು ಕಾಣುತ್ತದೆ. ಕೆಲವದರಲ್ಲಿ ಉಕ್ಕನ್ನು ಮೇಲಿನಿಂದ ಹೊದಿಸಿರುತ್ತಾರೆ, ಆಗ ಗೆರೆ ಕೆನ್ನೆಯ ಮೇಲೇ ಬರುತ್ತದೆ. ಆಮೇಲಿನ ಕಾಲದ್ದು ಪೂರ್ತಿ ಉಕ್ಕು. ಅದರಲ್ಲೂ ಬಾಯಿ ಹತ್ತಿರ ಒಂದು ಕಪ್ಪು ಪಟ್ಟೆ ಬರುತ್ತದೆ. ಅದು ಕೂಡಿಸಿದ ಗುರುತಲ್ಲ, ನೀರು ಕುಡಿಸಿದ, ಅಂದರೆ ಕಾಯಿಸಿ ಅದ್ದಿ ಗಡಸು ಮಾಡಿದ ಗುರುತು. ಅಲ್ಲಿಯವರೆಗೆ ಮಾತ್ರ ಗಡಸು. ಅರ ಹಿಡಿದು ನೋಡಿದರೂ ತಿಳಿಯುತ್ತದೆ. ಮೈ ಮೇಲೆ ಅರ ಸಲೀಸಾಗಿ ಕಚ್ಚುತ್ತದೆ, ಬಾಯಿಯಲ್ಲಿ ಜಾರುತ್ತಾ ಕಷ್ಟದಲ್ಲಿ ಕಚ್ಚುತ್ತದೆ. ಬಾಯಿಯಲ್ಲೂ ಸುಲಭವಾಗಿ ಕಚ್ಚಿದರೆ ಆ ಕೊಡಲಿ ಯಾವಾಗಲೋ ಬೆಂಕಿಗೆ ಬಿದ್ದಿರಬಹುದು.

ಹಾಗೆ ಒಂದನ್ನು ಹಾಳು ಮಾಡಿದ್ದು ನಾನೇ. ಶುರುವಿನಲ್ಲಿ ಗೊತ್ತಿಲ್ಲದೆ ಕರೆಂಟಿನ ಗ್ರೈಂಡರ್‌ಗೆ ಹಿಡಿದೆ. ಕಿಡಿ ಹಾರುವುದು ನೋಡಲು ಚೆಂದ. ಎರಡು ನಿಮಿಷದಲ್ಲಿ ಬಾಯಿಯ ತುದಿ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೇರಳೆ, ಆಮೇಲೆ ನೀಲಿ ಆಯಿತು. ನೀಲಿ ಬಂತು ಅಂದರೆ ಹೆಚ್ಚು ಕಡಿಮೆ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಹದ ಹೋಯಿತು ಅಂತಲೇ ಅರ್ಥ. ನೂರು ವರ್ಷ ಹದ ಉಳಿಸಿಕೊಂಡಿದ್ದ ಮೈನ್ ರಾಜ್ಯದ ಕೊಡಲಿ ಅದು. ಈಗಲೂ ಗೋಡೆಯ ಮೇಲೆ ಮೊದಲನೆಯದಾಗಿ ಅದನ್ನೇ ನೇತು ಹಾಕಿದ್ದೇನೆ. ದಯವಿಟ್ಟು ಕೈಯಲ್ಲಿ ಅರ ಹಿಡಿದೇ ಮಾಡಿ, ಒಂದು ಗಂಟೆ ಹೋದರೆ ಹೋಗಲಿ. ಕಣ್ಣಿನೊಳಗೆ ಸಿಕ್ಕಿಕೊಂಡ ಹಳೇ ಕಾವಿನ ಚೂರನ್ನು ಬೆಂಕಿಗೆ ಹಾಕಿ ಸುಡಲೂ ಬೇಡಿ. ಡ್ರಿಲ್ಲಿನಲ್ಲಿ ನಾಲ್ಕಾರು ತೂತು ಕೊರೆದು ಬಡಿದರೆ ಬಂದುಬಿಡುತ್ತದೆ.

ಇನ್ನು ಸವೆತ. ಹೊಸ ಕೊಡಲಿಯ ಬಾಯಿಯ ಎರಡು ಮೂಲೆ ಹೇಗಿತ್ತು ಅಂತ ಅಂದಾಜು ಇದ್ದರೆ ಎಷ್ಟು ಹೋಗಿದೆ ಅಂತ ಲೆಕ್ಕ ಹಾಕಬಹುದು. ಸಾಮಾನ್ಯವಾಗಿ ಕೈಯಿಂದ ದೂರ ಇರುವ ಮೂಲೆ ಮೊದಲು ದುಂಡಗಾಗುತ್ತದೆ. ನೆಲಕ್ಕೆ, ಕಲ್ಲಿಗೆ ಮೊದಲು ತಾಗುವುದು ಅದೇ, ಹಾಗಾಗಿ ಮಸೆತವೂ ಅಲ್ಲೇ ಜಾಸ್ತಿ. ಹಿಂಬದಿ ಅಣಬೆಯ ಹಾಗೆ ಅರಳಿದ್ದರೆ ಯಾರೋ ಕಬ್ಬಿಣದ ಬೆಣೆ ಹೊಡೆದಿದ್ದಾರೆ. ಕಣ್ಣಿನ ಗೋಡೆ ಹೊರಕ್ಕೆ ಉಬ್ಬಿದ್ದರೆ ಕೊಡಲಿಯನ್ನೇ ಬೆಣೆ ಮಾಡಿ ಮೇಲಿಂದ ಸುತ್ತಿಗೆ ಬಡಿದಿದ್ದಾರೆ. ಅಂಥದ್ದರಲ್ಲಿ ಬಿರುಕು ಇದೆಯೇ ಅಂತ ನೋಡದೆ ಕಾವು ಹಾಕಬಾರದು, ಬೀಸುವಾಗ ಒಡೆದು ಹಾರಿದರೆ ಜೀವಕ್ಕೇ ಅಪಾಯ. ನನ್ನ ಹತ್ತಿರ ಒಂದು ಕನೆಕ್ಟಿಕಟ್ ಕೊಡಲಿ ಇದೆ. ಒಂದು ಕಾಲಕ್ಕೆ ಮೂರೂವರೆ ಪೌಂಡ್ ಇದ್ದದ್ದು, ಕೆಳಗೆ ಅಂಕೆ ಹೊಡೆದಿದ್ದಾರೆ. ಈಗ ತೂಗಿದರೆ ಮೂರು ಪೌಂಡಿಗಿಂತ ಕಡಿಮೆ. ಅರ್ಧ ಪೌಂಡಿಗಿಂತ ಜಾಸ್ತಿ ಉಕ್ಕು ಯಾರದೋ ಮಸೆಗಲ್ಲಿಗೆ ಹೋಗಿದೆ. ಎಲ್ಲ ಕಡೆ ಒಂದೇ ಸಮ, ಒಂದು ಹಲ್ಲು ಕೂಡ ಬಿದ್ದಿಲ್ಲ. ಎಂಥ ಮನುಷ್ಯ ಇರಬಹುದು ಅವನು! ಹಣ ಕೊಟ್ಟು ಕೊಳ್ಳುವವರು ಇದನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಇಟ್ಟುಬಿಡುತ್ತಾರೆ, ಬಾಯಿ ಸವೆದು ಹೋಗಿದೆ ಅಂತ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ಮಸೆಯುವುದು ಅಂದಾಗೆಲ್ಲ ಕಾಲಿನ್ಸ್‌ವಿಲ್‌ನ ಸಾಣೆಯವರು ನೆನಪಾಗುತ್ತಾರೆ. ಆಳೆತ್ತರದ ಮರಳುಗಲ್ಲಿನ ಚಕ್ರಗಳು ನೀರಿನಲ್ಲಿ ತಿರುಗುತ್ತಿರುತ್ತಿದ್ದವು, ಅದಕ್ಕೆ ಕೊಡಲಿಯನ್ನು ಮೈಯ ಭಾರ ಹಾಕಿ ಒತ್ತಿ ಹಿಡಿಯಬೇಕು. ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಹೋಗಿ ಎಷ್ಟೋ ಜನ ಕೆಮ್ಮಿ ಕೆಮ್ಮಿ ಸತ್ತರು. ಸಾಣೆಯವರ ಕ್ಷಯ ಅಂತಲೇ ಆ ಕಾಯಿಲೆಗೆ ಹೆಸರು ಬಿತ್ತು. ಕೊಡಲಿಯ ಮೇಲೆ ಇರುವುದು ಯಜಮಾನರ ಹೆಸರು. ಬಾಯಿ ಮಾಡಿದವರು ಇವರು. ಹೆಸರಿಲ್ಲದ ಇಂಥ ಕೆಲಸದ ಗುರುತನ್ನು ನಾನು ಮೊದಲು ನೋಡಿದ್ದು ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ, ಕಾಲೇಜಿನ ದಿನಗಳಲ್ಲಿ. ಹೊಸ ಶಿಲಾಯುಗದವರು ಅಲ್ಲಿ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಅವುಗಳ ಬಾಯಿ ಉಜ್ಜಿ ಉಜ್ಜಿ ಬಂಡೆಯಲ್ಲಿ ಗುಳಿ ಬಿದ್ದಿವೆ. ಆ ಗುಳಿಯಲ್ಲಿ ಕೈ ಇಟ್ಟರೆ ನುಣ್ಣಗೆ, ತಣ್ಣಗೆ. ಆಗ ಸುಮ್ನೆ ಕೈಯಾಡಿಸಿ ಬಂದಿದ್ದೆ. ಈಗ ಹೋದರೆ ಜಾಸ್ತಿ ಹೊತ್ತು ಕೂರುತ್ತೇನೆ. ಅಂಥ ಕಲ್ಲಿನ ಕೊಡಲಿ ಎಲ್ಲಾದರೂ ಕಂಡರೆ ದಯವಿಟ್ಟು ಎತ್ತಿಕೊಂಡು ಬರಬೇಡಿ, ಅದು ಬಿದ್ದ ಜಾಗದಲ್ಲೇ ಅದರ ಅರ್ಥ ಇರುವುದು.

ಕೊಡಲಿಯನ್ನು ಇಷ್ಟು ಪ್ರೀತಿಸುವಾಗ ಒಳಗೆ ಒಂದು ಮುಳ್ಳೂ ಚುಚ್ಚುತ್ತದೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಅಮ್ಮ ಹೇಳುತ್ತಿದ್ದರು. ಮಿಷಿಗನ್ನಿನ ಬಿಳಿ ಪೈನ್ ಕಾಡು 1900ರ ಹೊತ್ತಿಗೆ ಬಹುಪಾಲು ಮುಗಿದೇ ಹೋಗಿತ್ತು, ಅದನ್ನು ಮುಗಿಸಿದ್ದರಲ್ಲಿ ನನ್ನ ಗೋಡೆಯ ಮೇಲಿನ ಮಿಷಿಗನ್ ಕೊಡಲಿಯ ಪಾಲೂ ಇರಬಹುದು. ನಮ್ಮ ಕಡೆಯೂ ಹಾಗೇ. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕೊಡಲು ಶುರು ಮಾಡಿದಾಗ ಅದರ ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ. ಆ ಮರ ಕಡಿದವರಲ್ಲಿ ನಮ್ಮೂರ ಸುತ್ತಿನವರೂ ಇದ್ದರು. ಕೂಲಿಗೆ ಹೋದವರು. ಅವರ ಕೊಡಲಿಗಳು ಎಲ್ಲಿ ಹೋದವೋ.

ಹೋದ ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಒಂದು ಕಾಲಿನ್ಸ್ ಕೊಡಲಿಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ಇಟ್ಟುಕೊಂಡು ಹೋದೆ. ನಮ್ಮೂರ ಆಚಾರ್ರಿಗೆ ತೋರಿಸಬೇಕಿತ್ತು. ವಯಸ್ಸು ಎಂಬತ್ತರ ಹತ್ತಿರ. ತಿದಿ ಹೋಗಿ ಕರೆಂಟಿನ ಬ್ಲೋಯರ್ ಬಂದಿದೆ, ಬಿಟ್ಟರೆ ಕುಲುಮೆ ಹಾಗೇ ಇದೆ. ಲಾರಿಯ ಸ್ಪ್ರಿಂಗ್ ಪ್ಲೇಟ್ ತಂದು ಕತ್ತಿ ಮಾಡುತ್ತಾರೆ. ನಮ್ಮ ಮನೆಯ ಕೊಡಲಿಯೂ ಆ ಕುಲುಮೆಯದ್ದೇ, ಅವರ ತಂದೆಯ ಕೈಯದ್ದು. ಮುದ್ರೆ ಇಲ್ಲ, ಅಕ್ಷರ ಇಲ್ಲ. ಆದರೆ ನಮ್ಮೂರಿನಲ್ಲಿ ಹತ್ತು ಕೊಡಲಿ ಸಾಲಾಗಿ ಇಟ್ಟರೆ ಯಾವುದು ಯಾವ ಕುಲುಮೆಯದ್ದು ಅಂತ ಹಳಬರು ತೋರಿಸುತ್ತಾರೆ.

ನಾನು ಕೊಡಲಿ ಕೈಗೆ ಕೊಟ್ಟೆ, ಏನೂ ಹೇಳಲಿಲ್ಲ. ಅವರು ಮುದ್ರೆಯ ಕಡೆ ನೋಡಲೇ ಇಲ್ಲ. ಇಂಗ್ಲಿಷ್ ಓದಲು ಬರುವುದಿಲ್ಲ, ಬಂದಿದ್ದರೂ ನೋಡುತ್ತಿರಲಿಲ್ಲ ಅನಿಸುತ್ತದೆ. ಎಡಗೈಯಲ್ಲಿ ತೂಗಿದರು. ಕಣ್ಣಿನಲ್ಲಿ ಹೆಬ್ಬೆರಳು ಹಾಕಿ ತಿರುಗಿಸಿದರು. ಸಣ್ಣ ಸುತ್ತಿಗೆಯಲ್ಲಿ ಕೆನ್ನೆಗೆ ಒಂದು ಸಲ, ಬಾಯಿ ಹತ್ತಿರ ಒಂದು ಸಲ ತಟ್ಟಿ ಕಿವಿ ಕೊಟ್ಟರು. ಆಮೇಲೆ ಬಾಗಿಲ ಬೆಳಕಿಗೆ ಹೋಗಿ ಮೇಲಿನ ಅಂಚನ್ನು ಬಹಳ ಹೊತ್ತು ನೋಡಿದರು.

"ಬಾಯಿಗೆ ಮಾತ್ರ ಉಕ್ಕು ಹಾಕಿದಾರೆ ತಮ್ಮಾ" ಅಂದರು. "ಹಾಕಿದೋನು ಗಟ್ಟಿಗ. ಕೂಡಿಸಿದ ಜಾಗದಲ್ಲಿ ಕೂದಲಷ್ಟೂ ಸಂದಿಲ್ಲ."

ನಾನು ಓದಿ, ನೋಡಿ, ಮೋಸ ಹೋಗಿ, ಒಂದನ್ನು ಸುಟ್ಟು, ಆರು ವರ್ಷದಲ್ಲಿ ಕಲಿತಿದ್ದನ್ನು ಅವರು ಐದು ನಿಮಿಷದಲ್ಲಿ ಹೇಳಿದರು. ಖುಷಿಗೆ ಗಂಟಲು ಕಟ್ಟಿತು. ಇದು ದೊಡ್ಡ ಕಂಪನಿಯದ್ದು ಆಚಾರ್ರೇ, ನೂರೈವತ್ತು ವರ್ಷದ ಹಿಂದಿನದ್ದು ಇರಬಹುದು, ನೀರಿನಲ್ಲಿ ನಡೆಯುವ ಸುತ್ತಿಗೆಯಲ್ಲಿ ಬಡಿದಿದ್ದು ಅಂತೆಲ್ಲ ಹೇಳಿದೆ. ತಲೆ ಆಡಿಸಿದರು. ನೀರಿನಲ್ಲಿ ನಡೆಯುವ ಸುತ್ತಿಗೆ ಎಷ್ಟು ದೊಡ್ಡದಿತ್ತು ಅಂತ ಮಾತ್ರ ಕೇಳಿದರು. ಆಮೇಲೆ ಮೂಲೆಯ ಸವೆತದ ಮೇಲೆ ಬೆರಳಾಡಿಸುತ್ತಾ, "ಇದರಲ್ಲಿ ಕೆಲಸ ಮಾಡ್ತಿದ್ದೋನು ಯಾರು?" ಅಂದರು.

ಗೊತ್ತಿಲ್ಲ ಅಂದೆ.

"ಅವನಿಗೆ ಮಸೆಯೋಕೆ ಚೆನ್ನಾಗಿ ಬರ್ತಿತ್ತು" ಅಂದು ಕೊಡಲಿಯನ್ನು ನನ್ನ ಕೈಗೆ ಕೊಟ್ಟರು. "ಕಾವು ಹಾಕು. ಹಿಂಗೇ ಗೋಡೆಗೆ ಹೊಡೆದಿಟ್ರೆ ತೂಕದ ಬಟ್ಟು ಅಷ್ಟೇ."

ಹೊರಡುವ ಹಿಂದಿನ ದಿನ ಮನೆಗೆ ಬಂದರು, ಕೈಯಲ್ಲಿ ಒಂದು ಕಾವು. ದಡಸಲು ಮರದ್ದು. ನಮ್ಮಲ್ಲಿ ಕಾವಿಗೆ ಅದೇ ಒಳ್ಳೆಯದು, ಬಾಗುತ್ತದೆ, ಮುರಿಯುವುದಿಲ್ಲ. ಇಲ್ಲಿ ಹಿಕರಿ ಮರವನ್ನು ಅದೇ ಗುಣಕ್ಕೆ ಬಳಸುತ್ತಾರೆ. ನಮ್ಮನೆ ಕೊಡಲಿಯ ತೂತು ದುಂಡಗೆ, ಇದರ ಕಣ್ಣು ಉದ್ದಕ್ಕೆ, ಒಂದು ತುದಿ ಚೂಪು. ಒಂದೇ ಸಲ ಹೆಬ್ಬೆರಳು ಹಾಕಿದ್ದರಲ್ಲ, ಆ ಅಂದಾಜಿನಲ್ಲೇ ಕೆತ್ತಿಕೊಂಡು ಬಂದಿದ್ದರು. ಎರಡು ಕಡೆ ಚೂರು ಚೂರು ಹೆರೆದ ಮೇಲೆ ಕೂತಿತು. ಬೆಣೆ ಹೊಡೆದೆವು. ಅಪ್ಪಯ್ಯನ ಕಾಲದ ಹಲಸಿನ ಕೊರಡು ಒಂದು ಅಂಗಳದಲ್ಲಿ ಬಿದ್ದಿತ್ತು, ಅದರ ಮೇಲೆ ಮೊದಲ ಏಟು ಆಚಾರ್ರೇ ಹಾಕಿದರು. ಆ ಕೊಡಲಿಯನ್ನು ವಾಪಸ್ ತರಲಿಲ್ಲ. ಅಮ್ಮನ ಬಚ್ಚಲ ಒಲೆಗೆ ಸೌದೆ ಒಡೆಯುವುದು ಈಗ ಅದರಲ್ಲೇ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು. ಹೋಗಿ ಬಕೆಟ್ಟಿನಿಂದ ಕೊಡಲಿ ಎತ್ತಿ, ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ಒರೆಸಿ ಬಂದೆ. ಬೆರಳಿಗೆ ತಾಗಿದ್ದು ಅಕ್ಷರ ಅಲ್ಲ, ತುಕ್ಕು ತಿಂದ ಗುಳಿಗಳು. ಹೆಸರು ಎಂದಾದರೂ ಇದ್ದಿತೋ ಇಲ್ಲವೋ, ಈಗಂತೂ ಇಲ್ಲ. ಮೇಲಿನ ಅಂಚಿನಲ್ಲಿ ಉಕ್ಕಿನ ನಾಲಿಗೆ ಸ್ಪಷ್ಟವಾಗಿ ಕಾಣುತ್ತಿದೆ. ಕಣ್ಣಿನೊಳಗೆ ಒಂದು ಕೂಡುಗೆರೆ. ದೂರದ ಮೂಲೆ ಅರ್ಧ ಬೆರಳು ಸವೆದು ದುಂಡಗಾಗಿದೆ, ಮಸೆದ ಗೆರೆಗಳು ಎಲ್ಲ ಒಂದೇ ಓರೆಗೆ ಹೋಗಿವೆ. ಆ ಮೂಲೆಯನ್ನು ನೇರ ಮಾಡಲು ಹೋಗುವುದಿಲ್ಲ. ಅದೇ ಓರೆಗೆ ಅರ ಹಿಡಿಯುತ್ತೇನೆ. ಹಿಕರಿ ಕಾವು ಒಂದು ಒಣಗಿಸಿ ಇಟ್ಟಿದ್ದೇನೆ, ನಾಳೆ ರಜೆ.